ಲಕ್ಕಲಕಟ್ಟಿ ಬಾವಿಯಲ್ಲಿ ಚಂದ್ರನ ಯಂತ್ರ

ನಾನು ನಿವೃತ್ತನಾಗಿ ಬಹಳ ವರ್ಷಗಳಾದವು. ಭೂಮಿಯ ನಡುಕ ಅಳೆಯುವ ಯಂತ್ರಗಳ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಮನೆಗೆ ಬರುತ್ತಾರೆ. ಚಂದ್ರನ ನೆಲಕ್ಕೆ, ಮಂಗಳನ ನೆಲಕ್ಕೆ ಇಂಥ ಯಂತ್ರ ಹೇಗಿರಬೇಕೆಂದು ನಾವು ಆ ಕಾಲದಲ್ಲಿ ಏನೇನು ಯೋಚಿಸಿದೆವು ಎಂದು ಕೇಳುತ್ತಾರೆ. ಸ್ಪ್ರಿಂಗಿನ ಲೆಕ್ಕ, ತಂತಿ ಸುರುಳಿಯ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಯಂತ್ರ ಸುಮ್ಮನಿದ್ದಾಗ ಅದನ್ನು ಎಷ್ಟು ನಂಬಬೇಕೆಂಬುದು ಮಾತ್ರ ಲೆಕ್ಕದಲ್ಲಿ ಸಿಗುವುದಿಲ್ಲ. ನನಗೆ ಅದು ತಿಳಿದದ್ದು ರೋಣ ತಾಲ್ಲೂಕಿನ ಒಂದು ಬಾವಿಯ ದಂಡೆಯಲ್ಲಿ, ಮತ್ತು ತಿಳಿಯುವ ಹೊತ್ತಿಗೆ ತಡವಾಗಿತ್ತು.

ನಮ್ಮ ಊರು ಜಕ್ಕಲಿ. ಮನೆಯಲ್ಲಿ ಒಕ್ಕಲುತನ. ನನಗೆ ಮಾತ್ರ ಚಿಕ್ಕಂದಿನಿಂದ ಬಿಚ್ಚಿ ಜೋಡಿಸುವ ಹುಚ್ಚು. ಹುಬ್ಬಳ್ಳಿಯಲ್ಲಿ ಫಿಟ್ಟರ್ ಕೆಲಸ ಕಲಿತು, ಹವಾಮಾನ ಮತ್ತು ಭೂಕಂಪದ ಉಪಕರಣ ತಯಾರಿಸುವ ಒಂದು ಸರಕಾರಿ ಕಾರ್ಯಾಗಾರಕ್ಕೆ ಸೇರಿದೆ. ಅಲ್ಲಿ ನನ್ನ ಮೇಲಧಿಕಾರಿ ಇನಾಮದಾರ ಸಾಹೇಬರು. ಧಾರವಾಡದವರು, ಸಣಕಲು ಮೈ, ಮೇ ತಿಂಗಳ ಬಿಸಿಲಿನಲ್ಲೂ ಕೋಟು ಬಿಚ್ಚದವರು. ಅವರು ಯಾರ ಮೇಲೂ ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ತಪ್ಪು ಮಾಡಿದರೆ ಕನ್ನಡಕ ತೆಗೆದು ಒರೆಸುತ್ತ ಕೂರುತ್ತಿದ್ದರು. ಆ ಒರೆಸುವಿಕೆ ಮುಗಿಯುವವರೆಗೆ ಎದುರಿಗೆ ನಿಲ್ಲುವುದು ಬೈಗುಳಕ್ಕಿಂತ ಕಷ್ಟವಾಗಿತ್ತು.

ರಷ್ಯಾದವರು ಆಕಾಶಕ್ಕೆ ಮೊದಲ ಉಪಗ್ರಹ ಹಾರಿಸಿದ ಸುದ್ದಿ ಬಂದ ವಾರ ಅವರು ನನ್ನನ್ನು ಕರೆದು, ಮೇಜಿನ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದರು.

“ವೀರಪ್ಪಾ, ಇವತ್ತಿಲ್ಲ ನಾಳೆ ಚಂದ್ರನ ಮ್ಯಾಲೆ ಯಾರರೆ ಏನರೆ ಒಗೀತಾರ. ಒಗದದ್ದಕ್ಕ ಕಿವಿ ಇರಬೇಕಲ್ಲ?”

ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಚಂದ್ರನ ಮೇಲೆ ಎಸೆಯುವ ಯಂತ್ರದ ಮಾತು ಅದೆಂದು ಅವರು ಬಿಡಿಸಿ ಹೇಳಿದರು. ಭೂಮಿಯ ಮೇಲೆ ನಾವು ಯಂತ್ರವನ್ನು ಕಲ್ಲಿನ ಕಟ್ಟೆಯ ಮೇಲಿಟ್ಟು, ತಿರುಪು ತಿರುಗಿಸಿ ನೇರ ಮಾಡುತ್ತೇವೆ. ದಿನವೂ ಒಬ್ಬ ಮನುಷ್ಯ ಹೋಗಿ ಕಾಗದ ಬದಲಿಸುತ್ತಾನೆ. ಬೇರೆ ಗ್ರಹದ ನೆಲದ ಮೇಲೆ ಯಂತ್ರ ಬೀಳುತ್ತದೆ, ಉರುಳುತ್ತದೆ, ಮೋರೆ ಅಡಿಯಾಗಿ ಬೀಳಲೂಬಹುದು. ಎತ್ತಿ ನಿಲ್ಲಿಸುವವರು ಯಾರೂ ಇಲ್ಲ. ಬಿದ್ದ ಪೆಟ್ಟಿಗೆ ಒಡೆಯಬಾರದು, ತಾನಾಗಿ ನೆಟ್ಟಗಾಗಬೇಕು, ಆಮೇಲೆ ಇರುವೆ ನಡೆದಷ್ಟು ನಡುಕವನ್ನೂ ಹಿಡಿಯಬೇಕು. ಇದನ್ನು ಕೇಳಿ ಮೇಲಿನವರು ನಕ್ಕರಂತೆ. ಆದರೂ, ಅಷ್ಟು ಗಟ್ಟಿ ಯಂತ್ರವಾದರೆ ಅಣೆಕಟ್ಟಿನ ಕೆಲಸಕ್ಕಾದರೂ ಬಂದೀತೆಂದು ಒಂದು ಹಳೆಯ ಜೀಪು ಮತ್ತು ಎರಡು ಬೇಸಿಗೆಗಳನ್ನು ನಮಗೆ ಬಿಟ್ಟುಕೊಟ್ಟರು. ರೈಲು, ಗಿರಣಿಗಳಿಂದ ದೂರವಿರುವ ಗಟ್ಟಿ ಕಲ್ಲಿನ ಜಾಗ ಬೇಕೆಂದಾಗ ನಾನೇ ಗಜೇಂದ್ರಗಡದ ಗುಡ್ಡ ತೋರಿಸಿದೆ. ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಕೋಣೆ ಹಿಡಿದೆವು.

ಯಂತ್ರ ನೋಡಲು ಸಣ್ಣ ಕುಂಬಳಕಾಯಿಯಷ್ಟು ದೊಡ್ಡ ಉಕ್ಕಿನ ಗುಂಡು. ಅದರೊಳಗೆ ಎಣ್ಣೆ, ಎಣ್ಣೆಯಲ್ಲಿ ತೇಲುವ ಇನ್ನೊಂದು ಗುಂಡು. ಒಳಗುಂಡಿನ ತಳ ಭಾರ, ಹಾಗಾಗಿ ಹೊರಗುಂಡು ಹೇಗೆ ಬಿದ್ದರೂ ಒಳಗಿನದು ನೆಟ್ಟಗೆ ನಿಲ್ಲುತ್ತಿತ್ತು. ಒಳಗುಂಡಿನಲ್ಲಿ ಸ್ಪ್ರಿಂಗಿಗೆ ತೂಗುಬಿಟ್ಟ ಒಂದು ತೂಕ. ನೆಲ ಅಲುಗಿದರೆ ತೂಕ ಹಿಂದುಳಿದು ಸಣ್ಣ ವಿದ್ಯುತ್ತು ಹುಟ್ಟುತ್ತಿತ್ತು. ಅದು ಉದ್ದನೆಯ ತಂತಿಯಲ್ಲಿ ಹರಿದು ಬಂದು, ಸುತ್ತುವ ಕಾಗದದ ಮೇಲೆ ಮುಳ್ಳಿನಿಂದ ಗೆರೆ ಎಳೆಸುತ್ತಿತ್ತು. ಬೀಳುವಾಗ ತೂಕ ಹೊಯ್ದಾಡಿ ಸ್ಪ್ರಿಂಗು ಹರಿಯದಿರಲೆಂದು ಸಾಹೇಬರು ಅದನ್ನು ಮೇಣದಲ್ಲಿ ಹೂತಿಟ್ಟಿದ್ದರು. ಬಿದ್ದ ಮೇಲೆ ವಿದ್ಯುತ್ತು ಹರಿಸಿದರೆ ಮೇಣ ಕರಗಿ ತೂಕ ಬಿಡುಗಡೆಯಾಗುತ್ತಿತ್ತು. ಆದರೆ ಪ್ರತಿ ಸಲ ಮೇಣ ಹೊಯ್ಯುವುದು ಅರ್ಧ ದಿನದ ಕೆಲಸ. ಅದಕ್ಕೆ ಜೀಪಿನ ಓಡಾಟಕ್ಕೆಂದು ನಾನೊಂದು ಉದ್ದನೆಯ ಪಿನ್ನು ಮಾಡಿದೆ. ಅದು ಎರಡೂ ಗುಂಡುಗಳನ್ನು ತೂರಿ ಹೋಗಿ ತೂಕವನ್ನು ಅಲುಗದಂತೆ ಹಿಡಿಯುತ್ತಿತ್ತು.

ಸಾಹೇಬರಿಗೆ ಅದು ಹಿಡಿಸಲಿಲ್ಲ. ಚಂದ್ರನ ಮೇಲೆ ಪಿನ್ನು ತೆಗೆಯುವವರು ಯಾರು ಎಂದು ಕೇಳಿದರು. ಇದು ಚಂದ್ರನಿಗಲ್ಲ, ಗಜೇಂದ್ರಗಡದ ರಸ್ತೆಗೆ ಎಂದೆ. ನಕ್ಕು ಸುಮ್ಮನಾದರು. ಪಿನ್ನಿನ ತಲೆ ಎಲ್ಲೂ ತೊಡರಬಾರದೆಂದು ಅದನ್ನು ಅರದಿಂದ ತಿಕ್ಕಿ ತಿಕ್ಕಿ ಗುಂಡಿನ ಮೈಗೆ ಸಮನಾಗಿ ಕೂರಿಸಿದ್ದೆ. ಕೈಯಾಡಿಸಿದರೂ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನನ್ನ ಕೈಕೆಲಸಕ್ಕೆ ನಾನೇ ಹಿಗ್ಗಿದ್ದೆ.

ಬೀಳಿಸುವ ಪರೀಕ್ಷೆಗೆ ನರಗುಂದದ ಗುಡ್ಡ ಹತ್ತಿದೆವು. ಮೇಲಿನಿಂದ ಕೆಳಗಿನ ಉಸುಕಿನ ಗುಂಡಿಗೆ ಬೀಳಬೇಕಿದ್ದ ಉಕ್ಕಿನ ಗುಂಡು ಬಂಡೆಗೆ ಬಡಿದು, ಹಾರಿ, ಇಳಿಜಾರಿನಲ್ಲಿ ಉರುಳುತ್ತ ಒಬ್ಬರ ಹತ್ತಿ ಹೊಲಕ್ಕೆ ನುಗ್ಗಿತು. ಹತ್ತಿ ಬಿಡಿಸುತ್ತಿದ್ದ ಹೆಂಗಸರು ಚೆಲ್ಲಾಪಿಲ್ಲಿಯಾದರು. ನಾವು ಏದುಸಿರು ಬಿಡುತ್ತ ಇಳಿಯುವ ಹೊತ್ತಿಗೆ ಸುತ್ತ ಜನ ನೆರೆದಿದ್ದರು, ಗುಂಡನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಬಾಂಬೆಂಬ ಸುದ್ದಿ ಠಾಣೆಗೆ ಮುಟ್ಟಿ ಫೌಜದಾರರು ಬಂದರು. ಕಾಗದಪತ್ರ ತೋರಿಸಿದರೂ ಸಂಜೆಯವರೆಗೆ ಬಿಡಲಿಲ್ಲ. ಕೊನೆಗೆ ಸಾಹೇಬರು ಗುಂಡನ್ನು ಠಾಣೆಯ ಮೇಜಿನ ಮೇಲಿಟ್ಟು, ತಂತಿ ಜೋಡಿಸಿ, ಒಳಗಿನ ಮೇಣ ಕರಗಿಸಿ, ಫೌಜದಾರರಿಗೆ ಕೋಣೆಯಲ್ಲಿ ಅಡ್ಡಾಡಲು ಹೇಳಿದರು. ಅವರ ಬೂಟಿನ ಒಂದೊಂದು ಹೆಜ್ಜೆಯೂ ಕಾಗದದ ಮೇಲೆ ಮೂಡಿತು. ಫೌಜದಾರರು ಮೂರು ಸುತ್ತು ಅಡ್ಡಾಡಿ ನೋಡಿ, ಆ ಕಾಗದದ ತುಂಡು ತಮಗೆ ಬೇಕೆಂದು ಹರಿಸಿಕೊಂಡು ನಮ್ಮನ್ನು ಬಿಟ್ಟರು. ಅಷ್ಟು ಪೆಟ್ಟು ತಿಂದ ಮೇಲೂ ಯಂತ್ರ ಬದುಕಿತ್ತು ಎನ್ನುವುದು ನಮಗೂ ಗೊತ್ತಾದದ್ದು ಅಲ್ಲಿಯೇ.

ಮುಂದಿನ ಪಾಠ ಅಸೂಟಿಯಲ್ಲಿ. ಊರ ಹೊರಗಿನ ಬಯಲಲ್ಲಿ ಯಂತ್ರ ಹೂಡಿ ಎರಡು ದಿನ ಬಿಟ್ಟು ನೋಡಿದರೆ, ಗೆರೆ ನಿಧಾನವಾಗಿ ಉಬ್ಬಿ ನಿಧಾನವಾಗಿ ಇಳಿಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ನೆಲದಾಳದಲ್ಲಿ ಏನೋ ನಡೆದಿದೆ ಎಂದು ನಾನು ಸಂಭ್ರಮದಿಂದ ವರದಿ ಬರೆಯಲು ಕುಳಿತೆ. ಸಾಹೇಬರು ಕಾಗದ ನೋಡಿ, ಪೆನ್ನು ಕೆಳಗಿಡಲು ಹೇಳಿ, ಗಾಳಿ ಬರುವ ದಿಕ್ಕಿಗೆ ನಡೆದು ಬಾ ಎಂದರು. ಎರಡು ಫರ್ಲಾಂಗು ನಡೆದರೆ ಒಂದು ಕಣ. ಜೋಳದ ರಾಶಿ ನಡೆದಿತ್ತು. ಎತ್ತುಗಳು ಭಾರಿ ರೋಣಗಲ್ಲನ್ನು ಎಳೆಯುತ್ತ ಸುತ್ತುತ್ತಿದ್ದವು. ಆ ಮನೆಯವರು ಕೂರಿಸಿ ಮಜ್ಜಿಗೆ ಕೊಟ್ಟರು. ಹೊಟ್ಟೆಯೊಳಗೆ ನಾಚಿಕೆ ಇಟ್ಟುಕೊಂಡು ಕುಡಿದು ಬಂದೆ. ಗೆರೆ ಅಲುಗಿದರೆ ಮೊದಲು ಮನುಷ್ಯನನ್ನು ಹುಡುಕು, ಭೂಮಿಯ ಮೇಲೆ ಆಮೇಲೆ ಹೊರಿಸು, ಎಂದು ಸಾಹೇಬರು ಅಂದು ಹೇಳಿದ್ದನ್ನು ನಾನು ನನ್ನ ಕೈಕೆಳಗಿನ ಎಲ್ಲರಿಗೂ ಹೇಳಿದ್ದೇನೆ. ಗೆರೆ ಅಲುಗದಿದ್ದರೆ ಏನು ಮಾಡಬೇಕೆಂದು ಆ ದಿನ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಿಸಿಲು ಏರಿದ ಒಂದು ಮುಂಜಾನೆ ಗಜೇಂದ್ರಗಡದ ನಮ್ಮ ಕೋಣೆಯ ಮುಂದೆ ಒಬ್ಬ ರೈತ ಸೈಕಲ್ಲು ಬಿಸಾಕಿ ಒಳಗೆ ಬಂದ. ಲಕ್ಕಲಕಟ್ಟಿಯಿಂದ ಬಂದಿದ್ದ. ಡಾಕ್ಟರನ್ನೂ ಹಗ್ಗಗಳನ್ನೂ ಒಯ್ಯಲು ಜೀಪು ಬೇಕಾಗಿತ್ತು. ಅಲ್ಲಿ ಒಂದು ಬಾವಿಯನ್ನು ಇನ್ನಷ್ಟು ಆಳ ಮಾಡುತ್ತಿದ್ದರು. ಸೆಲೆ ಹುಡುಕಲು ತಳದಲ್ಲಿ ಕಲ್ಲೊಳಗೆ ಅಡ್ಡಲಾಗಿ ಒಂದು ಸುರಂಗ ಕೊರೆದಿದ್ದರು. ಇಬ್ಬರು ಅದರೊಳಗೆ ಇದ್ದಾಗಲೇ ಬಾವಿಯ ಒಂದು ಮಗ್ಗುಲು ಕುಸಿದು ಸುರಂಗದ ಬಾಯಿ ಮುಚ್ಚಿತ್ತು.

ಸಾಹೇಬರು ಮಾತು ಮುಗಿಯುವ ಮೊದಲೇ ಕೋಟಿನ ಗುಂಡಿ ಹಾಕಿಕೊಂಡರು. “ಗುಂಡು, ಬ್ಯಾಟರಿ, ಕಾಗದದ ಪೆಟ್ಟಿಗಿ, ಎಲ್ಲಾ ಹಾಕು” ಎಂದರು. ಏಕೆಂದು ಕೇಳುವಷ್ಟು ಹೊತ್ತಿರಲಿಲ್ಲ. ಗುಂಡಿಗೆ ಪಿನ್ನು ಚುಚ್ಚಿ ಜೀಪಿಗೇರಿಸಿದೆ. ಡಾಕ್ಟರನ್ನು ಹತ್ತಿಸಿಕೊಂಡು ಹೊರಟೆವು.

ಬಾವಿಯ ಸುತ್ತ ಊರಿಗೆ ಊರೇ ನಿಂತಿತ್ತು. ಒಳಗಿದ್ದವರಲ್ಲಿ ಒಬ್ಬ ಯಲ್ಲಪ್ಪ, ಐವತ್ತು ದಾಟಿದ, ಬಾವಿ ಕೆಲಸದಲ್ಲಿ ಹೆಸರಾದ ಮನುಷ್ಯ. ಇನ್ನೊಬ್ಬ ಅವನ ಅಣ್ಣನ ಮಗ ಹನಮಪ್ಪ, ನನ್ನ ವಯಸ್ಸಿನವನು. ಹನಮಪ್ಪನ ಹೆಂಡತಿ ಗಂಗವ್ವ ದಂಡೆಯಿಂದ ಸ್ವಲ್ಪ ದೂರದಲ್ಲಿ ಸೆರಗು ಬಿಗಿದು ನಿಂತಿದ್ದಳು. ಅಳುತ್ತಿರಲಿಲ್ಲ. ಯಲ್ಲಪ್ಪನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವಂತೆ.

ಊರಿನ ಗೌಡರು ಸಾಹೇಬರಿಗೆ ಬಾವಿ ತೋರಿಸಿದರು. ಕುಸಿಯದೆ ಉಳಿದಿದ್ದ ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಯಾವ ಗಳಿಗೆಯಲ್ಲಾದರೂ ಬೀಳಬಹುದಿತ್ತು. ಇಳಿಯಲು ನಾಲ್ಕು ಜನ ತಯಾರಿದ್ದರು, ಗೌಡರೇ ತಡೆದಿದ್ದರು.

“ಒಳಗಿನವ್ರು ಅದಾರಂತ ಖರೇ ಗೊತ್ತಾದ್ರ ನಾನ ಇಳೀತೀನ್ರಿ ಸಾಹೇಬ್ರ” ಎಂದರು ಗೌಡರು. “ಹೋದವ್ರ ಸಲುವಾಗಿ ಇದ್ದ ನಾಕು ಮಂದೀನ ಹ್ಯಾಂಗ ಕಳಸ್ಲಿ?”

ಅದಕ್ಕೆ ಸಾಹೇಬರು, ಇದ್ದಾರೋ ಇಲ್ಲವೋ ಕೇಳಿ ಹೇಳುವ ಯಂತ್ರ ತಂದಿದ್ದೇವೆ ಎಂದರು. ಮನುಷ್ಯ ಹೋಗಲಾಗದ ಕಡೆ ಬಿದ್ದು, ತಾನೇ ನೆಟ್ಟಗಾಗಿ ಕಿವಿಗೊಡುವ ಯಂತ್ರ ಅವರ ಹತ್ತಿರ ನಿಜವಾಗಿಯೂ ಇತ್ತು. ಗುಂಡನ್ನು ಬಲೆಯಂತೆ ಹೆಣೆದ ಹಗ್ಗದಲ್ಲಿ ಕಟ್ಟಿ, ತಂತಿ ಬಿಡುತ್ತ, ನಾನೇ ಇಳಿಸಿದೆ. ಅದು ಸುರಂಗದ ಬಾಯಿಯ ಪಕ್ಕದ ಬಂಡೆಗೆ ಠಣ್ಣೆಂದು ತಾಗಿ ನಿಂತಿತು.

ಯಾರೂ ಅಲುಗಬಾರದೆಂದು ಸಾಹೇಬರು ಹೇಳಿದರು. ಅಷ್ಟು ಜನ ಉಸಿರು ಹಿಡಿದು ನಿಂತರು. ಉದ್ದನೆಯ ಹಾರೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಕೆಳಗಿನ ಬಂಡೆಗೆ ಮೂರು ಸಲ ಬಡಿಸಿದರು. ಕಾದೆವು. ಮುಳ್ಳು ನೆಟ್ಟಗೆ ಗೆರೆ ಎಳೆಯಿತು. ಮತ್ತೆ ಮೂರು ಸಲ ಬಡಿಸಿದರು. ಗೆರೆ ದಾರ ಹಿಡಿದು ಎಳೆದಷ್ಟು ಸಪಾಟು. ಎಷ್ಟೋ ಸಲ ಹಾಗೆಯೇ ಮಾಡಿದೆವು. ಕಾಗದ ಸುತ್ತುತ್ತ ಹೋಯಿತು. ನಾನು ಮುಳ್ಳನ್ನೇ ನೋಡುತ್ತಿದ್ದೆ, ಸಾಹೇಬರು ಗಡಿಯಾರವನ್ನೂ ಮುಳ್ಳನ್ನೂ ನೋಡುತ್ತಿದ್ದರು. ನಲವತ್ತು ನಿಮಿಷವಾದ ಮೇಲೆ ಗೌಡರು ಪಕ್ಕಕ್ಕೆ ಬಂದು, ಏನೆಂದು ಕಣ್ಣಿನಲ್ಲೇ ಕೇಳಿದರು. ಸಾಹೇಬರು ಇಲ್ಲವೆಂದು ತಲೆಯಲ್ಲಾಡಿಸಿ ಕನ್ನಡಕ ತೆಗೆದರು.

ಗೌಡರು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ನಿಂತಿದ್ದ ಜನರಿಗೆ ಅಷ್ಟೇ ಸಾಕಾಯಿತು. ಹೆಂಗಸರ ಗುಂಪಿನಲ್ಲಿ ಅಳು ಎದ್ದಿತು. ಇಳಿಯಲು ತಯಾರಾಗಿದ್ದ ನಾಲ್ವರು ಸೊಂಟದ ಹಗ್ಗ ಬಿಚ್ಚತೊಡಗಿದರು. ಗಂಗವ್ವ ಮಾತ್ರ ನಡೆದು ಬಂದು ನಮ್ಮ ಪೆಟ್ಟಿಗೆಯ ಹತ್ತಿರ ಕುಳಿತಳು. ಕಾಗದದ ಗೆರೆಯನ್ನು ಬಹಳ ಹೊತ್ತು ನೋಡಿದಳು.

“ಇಷ್ಟು ಮಂದಿ ಓಡಾಡಾಕತ್ತಾರಲ್ರಿ” ಎಂದಳು. “ಅದಕ್ಕ ಗೊತ್ತಾಗೂದಿಲ್ಲೇನ್ರಿ?”

ತಲೆ ಎತ್ತಿ ನೋಡಿದೆ. ಸುತ್ತ ನೂರಾರು ಕಾಲುಗಳು ನೆಲ ತುಳಿಯುತ್ತಿದ್ದವು. ಹೆಂಗಸರು ನೆಲಕ್ಕೆ ಕೈ ಬಡಿದು ಅಳುತ್ತಿದ್ದರು. ಗೆರೆಯಲ್ಲಿ ಕೂದಲೆಳೆಯಷ್ಟೂ ನಡುಕವಿರಲಿಲ್ಲ. ಫೌಜದಾರರ ಬೂಟಿನ ಹೆಜ್ಜೆ ಎಣಿಸಿದ ಯಂತ್ರ ಅದು. ಹಾರೆಯ ಪೆಟ್ಟೇ ಅದರಲ್ಲಿ ಬಿದ್ದಿರಲಿಲ್ಲ, ಅದನ್ನು ನಾವಿಬ್ಬರೂ ಗಮನಿಸಿರಲಿಲ್ಲ. ಉತ್ತರಕ್ಕೆ ಕಾದವರು ನಮ್ಮದೇ ಪ್ರಶ್ನೆ ಮುಟ್ಟಿತೋ ಇಲ್ಲವೋ ನೋಡಿರಲಿಲ್ಲ. ಅಂಗಿಯ ಕಿಸೆ ಮುಟ್ಟಿಕೊಂಡೆ. ಪಿನ್ನು ತೆಗೆದಾಗಲೆಲ್ಲ ನಾನು ಅದನ್ನು ಇಡುತ್ತಿದ್ದುದು ಅಲ್ಲಿ. ಕಿಸೆ ಖಾಲಿಯಿತ್ತು.

ಹೇಳದೆ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬ ಯೋಚನೆ ಬಂತು. ಆ ಯೋಚನೆ ಬರಲಿಲ್ಲವೆಂದು ಬರೆದರೆ ಸುಳ್ಳಾದೀತು. ಒಂದು ಕ್ಷಣ ಬಂತು, ಹೋಯಿತು. ಎದ್ದು ನಿಂತೆ.

“ಸಾಹೇಬ್ರ, ಪಿನ್ನು ಒಳಗ ಐತಿ. ನಾ ತಗೀಲಿಲ್ಲ.”

ಅವರು ನನ್ನ ಮುಖ ನೋಡಿದರು. ಕನ್ನಡಕ ಒರೆಸಲಿಲ್ಲ, ಹಾಗೇ ಹಾಕಿಕೊಂಡರು. “ಎಳಿ ಮ್ಯಾಲ, ಲಗೂ.”

ಗೌಡರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಹಾಗಾದರೆ ಇಷ್ಟು ಹೊತ್ತು ಹೇಳಿದ್ದೇನು ಎಂದು ಕೇಳಿದರು. ಸಾಹೇಬರು ಜನರೆಲ್ಲರಿಗೂ ಕೇಳುವಂತೆ, ಮೊದಲ ಸಲ ದನಿ ಏರಿಸಿ ಹೇಳಿದರು:

“ನಾವು ಹೇಳಿದ್ದು ಸುಳ್ಳು ಆಗೇದ. ತಪ್ಪು ನಮ್ಮದು. ಅವರು ಇರಬಹುದು. ಮತ್ತ ಕೇಳ್ತೀವಿ.”

ಗುಂಡು ಮೇಲೆ ಬಂತು. ಮಣ್ಣಾದ ಮೈಯಲ್ಲಿ ಪಿನ್ನಿನ ತಲೆ ಕಾಣುತ್ತಲೇ ಇರಲಿಲ್ಲ. ಉಗುರಿನಿಂದ ಹುಡುಕಿ ತುಸು ಎಬ್ಬಿಸಿದೆ. ಇಕ್ಕಳ ಎರಡು ಸಲ ಜಾರಿ, ಮೂರನೆಯ ಸಲಕ್ಕೆ ಪಿನ್ನು ಹೊರಬಂತು. ತೂತಿಗೆ ಬಿರಡೆ ತಿರುಗಿಸಿ ನೆಲಕ್ಕಿಟ್ಟ ಕೂಡಲೇ ಮುಳ್ಳು ಹುಚ್ಚು ಹಿಡಿದಂತೆ ಎರಡೂ ಕಡೆ ಬಡಿಯತೊಡಗಿತು. ಅಷ್ಟೂ ಜನರ ಹೆಜ್ಜೆಗಳು ಅವು. ಮತ್ತೆ ಇಳಿಸಿದೆ.

ಈ ಸಲ ಗೌಡರು ಕೈ ಎತ್ತಿದ್ದೇ ತಡ, ಊರು ಕಲ್ಲಾಯಿತು. ಹಾರೆ ಮೂರು ಸಲ ಬಡಿಯಿತು. ಕಾಗದದ ಮೇಲೆ ಮೂರು ದೊಡ್ಡ ಹಲ್ಲು ಮೂಡಿದವು. ಆಮೇಲೆ ಸಪಾಟು ಗೆರೆ. ಆದರೆ ಈಗಿನ ಸಪಾಟಿನಲ್ಲಿ ಸಣ್ಣ ನಡುಕವಿತ್ತು, ಬದುಕಿದ ಯಂತ್ರದ ಗೆರೆಯಲ್ಲಿ ಇರುವಂಥದು. ಸಾಹೇಬರ ಬೆರಳು ಕಾಗದದ ಅಂಚಿನ ಮೇಲಿತ್ತು. ಎಷ್ಟು ಹೊತ್ತು ಕಳೆಯಿತೋ ನಾನು ಹೇಳಲಾರೆ. ಮುಳ್ಳು ಒಂದು ಸಲ ಅದುರಿತು. ಮತ್ತೊಂದು ಸಲ. ಸ್ವಲ್ಪ ಬಿಟ್ಟು ಮೂರನೆಯದು.

ಮತ್ತೆ ನಾಲ್ಕು ಸಲ ಹಾರೆ ಬಡಿಸಿದರು. ನಿಧಾನವಾಗಿ, ಸಣ್ಣದಾಗಿ, ನಾಲ್ಕು ಉತ್ತರ ಬಂದವು. ಗಂಗವ್ವ ಆ ನಾಲ್ಕು ಹಲ್ಲುಗಳ ಮೇಲೆ ಬೆರಳಿಟ್ಟಳು. ಆಗ ಅತ್ತಳು.

ಗೌಡರು ಆಡಿದ ಮಾತಿನಂತೆ ತಾವೇ ಮೊದಲು ಇಳಿದರು. ಊರಿನ ಮನೆಗಳಿಂದ ತೊಲೆ, ಬಾಗಿಲು, ಗಾಡಿಯ ಮೂಕಿ ತಂದು ಬಿರುಕು ಬಿಟ್ಟ ಗೋಡೆಗೆ ಊರುಗೋಲು ಕೊಟ್ಟರು. ನಾವು ಯಂತ್ರವನ್ನು ಅಲ್ಲಿಯೇ ಬಿಟ್ಟು, ಮಧ್ಯೆ ಮಧ್ಯೆ ಕೆಲಸ ನಿಲ್ಲಿಸಿ ಕೇಳುತ್ತಿದ್ದೆವು. ಒಂದು ಸಲ ಗೋಡೆಯಿಂದ ಮಣ್ಣು ಸುರಿದು ಎಲ್ಲರೂ ಮೇಲೆ ಹತ್ತಿದರು, ಮತ್ತೆ ಇಳಿದರು. ಹೊತ್ತು ಇಳಿಯುವ ಹೊತ್ತಿಗೆ ಸುರಂಗದ ಬಾಯಿ ಒಬ್ಬ ತೂರುವಷ್ಟು ತೆರೆಯಿತು. ಹನಮಪ್ಪನನ್ನು ಮೊದಲು ತಂದರು. ಅವನ ಬಲಗೈಯ ಬೆರಳುಗಳ ಚರ್ಮ ಸುಲಿದಿತ್ತು, ಮುಷ್ಟಿಯಲ್ಲಿ ಒಂದು ಕಲ್ಲಿತ್ತು. ಬಿಡಿಸಿದರೂ ಬಿಡಲಿಲ್ಲ. ಯಲ್ಲಪ್ಪನನ್ನು ಆಮೇಲೆ ತಂದರು. ಅವನ ಎದೆಯ ಮೇಲೆ ಬಂಡೆ ಬಿದ್ದಿತ್ತು. ಡಾಕ್ಟರು ಮೈ ಮುಟ್ಟಿ ನೋಡಿ, ಹೋಗಿ ಕೆಲವು ತಾಸಾಗಿರಬೇಕು, ಸರಿಯಾಗಿ ಯಾವಾಗೆಂದು ಹೇಳಲಾಗದು ಎಂದಷ್ಟೇ ಹೇಳಿದರು.

ಆ ಮಾತು ನನ್ನ ಜೊತೆ ಜೀಪಿನಲ್ಲಿ ಬಂತು.

ಸಾಹೇಬರು ಆ ವಾರ ವರದಿ ಬರೆದರು. ತಪಾಸಣೆ ಮಾಡದೆ ಫಲಿತಾಂಶ ಹೇಳಿದ್ದು ತಮ್ಮ ತಪ್ಪೆಂದು ಬರೆದು, ನನ್ನ ಹೆಸರು ಎಲ್ಲಿಯೂ ಬರದಂತೆ ನೋಡಿಕೊಂಡಿದ್ದರು. ನಾನು ಅದಕ್ಕೆ ಒಂದು ಪುಟ ಸೇರಿಸಿ, ಪಿನ್ನು ಯಾರು ಮಾಡಿದ್ದು, ಯಾರು ಮರೆತದ್ದು ಎಂದು ಬರೆದು ಸಹಿ ಮಾಡಿ ಕೊಟ್ಟೆ. ಅವರು ಓದಿ, ಹರಿಯದೆ, ವರದಿಗೆ ಪೋಣಿಸಿದರು. ಆಮೇಲೆ ನಾವು ಯಂತ್ರವನ್ನು ಬದಲಿಸಿದೆವು. ಪಿನ್ನು ಒಳಗಿರುವವರೆಗೆ ಮುಳ್ಳಿಗೆ ವಿದ್ಯುತ್ತೇ ಹರಿಯದಂತೆ ಮಾಡಿದೆವು. ಗುಂಡಿನೊಳಗೆ ಇನ್ನೊಂದು ಚಿಕ್ಕ ಸುರುಳಿ ಇಟ್ಟು, ದೂರದಿಂದ ಗುಂಡಿ ಒತ್ತಿದರೆ ತೂಕಕ್ಕೆ ತಾನೇ ಒಂದು ಸಣ್ಣ ತಟ್ಟು ಬೀಳುವಂತೆ ಮಾಡಿದೆವು. ಆ ತಟ್ಟು ಗೆರೆಯಲ್ಲಿ ಕಂಡರೆ ಮಾತ್ರ ಮುಂದಿನದನ್ನು ನಂಬಬೇಕು. ನಾನು ಮುಂದೆ ಕೈ ಹಾಕಿದ ಯಾವ ಯಂತ್ರವೂ ಅದಿಲ್ಲದೆ ಹೊರಹೋಗಿಲ್ಲ. ಆ ಗುಂಡು ಚಂದ್ರನಿಗೆ ಹೋಗಲಿಲ್ಲ. ಬೇರೆ ದೇಶದವರ ಯಂತ್ರಗಳು ಹೋದವು. ಅದರ ಬಗ್ಗೆ ನನಗೆ ದುಃಖವಿಲ್ಲ.

ದುಃಖವಿದ್ದದ್ದು ಬೇರೆ. ಯಲ್ಲಪ್ಪ ಮಣ್ಣು ಬಿದ್ದಾಗಲೇ ಹೋದನೋ, ನಮ್ಮ ಆ ನಲವತ್ತು ನಿಮಿಷಗಳಲ್ಲಿ ಹೋದನೋ? ಹೇಳಬಲ್ಲವನು ಹನಮಪ್ಪ ಒಬ್ಬನೇ. ಅವನ ಊರು ನಮ್ಮ ಕೋಣೆಯಿಂದ ಎರಡು ತಾಸಿನ ದಾರಿಯೂ ಅಲ್ಲ. ನನಗೆ ಹೋಗಲು ಒಂದು ವರ್ಷ ಹಿಡಿಯಿತು. ಗಜೇಂದ್ರಗಡದ ಕೆಲಸ ಮುಗಿಸಿ ಸಾಮಾನು ಕಟ್ಟಿದ ಮೇಲೆ, ಈಗ ಹೋಗದಿದ್ದರೆ ಎಂದೂ ಹೋಗುವುದಿಲ್ಲವೆಂದು ಗೊತ್ತಾಗಿ, ನಡೆದೇ ಹೋದೆ.

ಹನಮಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಮಿಣಿಹಗ್ಗ ಹೆಣೆಯುತ್ತಿದ್ದ. ಬಾವಿ ಕೆಲಸ ಬಿಟ್ಟಿದ್ದ. ಗಂಗವ್ವ ನೀರು ಕೊಟ್ಟಳು. ಮಳೆ, ಬಿತ್ತನೆ ಎಂದು ಏನೇನೋ ಮಾತಾದವು. ಕೊನೆಗೆ ನಾನು ಕೇಳಿಯೇಬಿಟ್ಟೆ. ಅವನು ಹೆಣಿಗೆ ನಿಲ್ಲಿಸಲಿಲ್ಲ.

“ನಿಮ್ಮ ಗುಂಡು ಕಲ್ಲಿಗೆ ಠಣ್ ಅಂದದ್ದು ನಮಗ ಕೇಳ್ತ್ರಿ. ಹಾರೀಲೆ ಬಡದದ್ದೂ ಕೇಳ್ತು. ಕಾಕಾ ಆಗ ಇದ್ದ. ಬಡಿ ಅಂದ. ನಾ ಬಡದೆ. ಅಂವಾನೂ ಒಂದು ಕೈಲೆ ಬಡದ.” ಮಿಣಿಯ ಒಂದು ಎಳೆಯನ್ನು ಬಿಗಿದ. “ಎಷ್ಟು ಸಲ ಬಡದ್ವಿ ನೆನಪಿಲ್ರಿ. ಮ್ಯಾಲಿಂದ ಗುಂಡು ಎತ್ತಿದ ಸಪ್ಪಳಾನೂ ಕೇಳ್ತು. ಬಿಟ್ಟು ಹೋದ್ರು ಅಂತ ತಿಳಕೊಂಡ ಕಾಕಾ. ತಿರಗಿ ಹಾರಿ ಸಪ್ಪಳ ಬರೂದ್ರಾಗ ಮಾತು ನಿಂತಿತ್ತು.”

ಹೇಳಲು ಸಿದ್ಧಮಾಡಿಕೊಂಡು ಬಂದಿದ್ದ ಮಾತೆಲ್ಲ, ಯಲ್ಲಪ್ಪ ಮಣ್ಣು ಬಿದ್ದಾಗಲೇ ಹೋಗಿದ್ದ ಎಂಬ ಉತ್ತರಕ್ಕೆ ಹೊಂದುವಂಥದಾಗಿತ್ತು. ಆ ನಲವತ್ತು ನಿಮಿಷ ವ್ಯರ್ಥವಾಗದಿದ್ದರೆ ಯಲ್ಲಪ್ಪ ಉಳಿಯುತ್ತಿದ್ದನೇ? ಎದೆಯ ಮೇಲೆ ಅಂಥ ಬಂಡೆ ಇದ್ದವನು ಉಳಿಯುತ್ತಿರಲಿಲ್ಲವೆಂದು ಡಾಕ್ಟರು ನನಗೆ ಆಮೇಲೆ ಹೇಳಿದ್ದರು. ಆದರೆ ಬಿಟ್ಟು ಹೋದರು ಎಂದು ತಿಳಿದುಕೊಂಡು ಸಾಯುತ್ತಿರಲಿಲ್ಲ. ಅಷ್ಟು ಮಾತ್ರ ನನಗೆ ಖಂಡಿತ ಗೊತ್ತು.

ಎದ್ದು ಹೊರಡಲು ನೋಡಿದೆ. ಹನಮಪ್ಪ ಮಿಣಿಯನ್ನು ಪಕ್ಕಕ್ಕಿಟ್ಟು, ಇನ್ನೂ ಪೂರ್ತಿ ಮಡಚಲು ಬಾರದ ಆ ಬಲಗೈಯನ್ನು ನನ್ನ ಮೊಣಕಾಲ ಮೇಲೆ ಇಟ್ಟ.

“ಕೇಳಾಕ ಬಂದ್ರಲ್ಲ” ಎಂದ. “ಯಾರೂ ಬಂದಿದ್ದಿಲ್ಲ.”

ಒಳಗಿನಿಂದ ಗಂಗವ್ವ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಕೈ ತೊಳೆದುಕೊಳ್ಳಲು ಅವನೇ ನೀರು ಹಾಕಿದ.